ಹುಳುಕಡ್ಡಿ ಆದ ಮಗುವನ್ನು ಮನೆಗೆ ಕಳಿಸಬೇಕೇ?

ಟೀಚರ್, ನಿಮ್ಮ ಪತ್ರ ತಲುಪಿತು. ನಿಮ್ಮ ಮೂರನೇ ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ಹುಳುಕಡ್ಡಿ ಆಗಿದೆ. ಅವರಲ್ಲಿ ಒಬ್ಬ ಹುಡುಗನಿಗೆ ತಲೆಯಲ್ಲೇ ಆಗಿ, ಅಲ್ಲಿನ ಕೂದಲು ಉದುರಿದೆ. ವಾಸಿಯಾಗುವ ತನಕ ಇವರು ಶಾಲೆಗೆ ಬರುವುದೇ ಬೇಡ ಎಂದು ಉಳಿದ ಪೋಷಕರು ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದೀರಿ.

ಮಕ್ಕಳನ್ನು ಹೊರಗಿಡಬೇಡಿ. ಕಲೆ ಕಂಡ ದಿನವೂ ಮಗು ಸಂಜೆಯ ತನಕ ತರಗತಿಯಲ್ಲೇ ಇರಲಿ, ಆಮೇಲೆ ಮನೆಯವರಿಗೆ ತಿಳಿಸಿ. ಚಿಕಿತ್ಸೆ ಶುರುವಾದರೆ ಸಾಕು, ಮಗು ಶಾಲೆಗೆ ಬರಬಹುದು. ಹುಳುಕಡ್ಡಿ ಎಂದರೆ ಫಂಗಸ್‌ನಿಂದ ಉಂಗುರದಂಥ ಕಲೆ ಏಳುವ ಚರ್ಮರೋಗ. ಫಂಗಸ್ ತಗುಲಿ ಕಲೆ ಕಾಣಿಸಿಕೊಳ್ಳುವ ಹೊತ್ತಿಗೆ ಒಂದೆರಡು ವಾರ ಕಳೆದಿರುತ್ತದೆ. ಅಷ್ಟೂ ದಿನ ಎಲ್ಲರೂ ಒಟ್ಟಿಗೇ ಕೂತು ಆಡಿದ್ದಾರೆ ಅಲ್ವಾ? ಈಗ ಓದು ತಪ್ಪಿಸಿ ಮನೆಯಲ್ಲಿ ಕೂರಿಸಿದರೆ ಸಿಗುವ ಲಾಭ ಬಹಳ ಕಡಿಮೆ.

ನಾನು ಜಾಸ್ತಿ ಒತ್ತಿ ಹೇಳಬೇಕಾದ್ದು ಬೇರೆಯೇ ಇದೆ. ಮೈಮೇಲಿನ ಹುಳುಕಡ್ಡಿಗೂ ತಲೆಯ ಹುಳುಕಡ್ಡಿಗೂ ಒಂದೇ ಮದ್ದು ಸಾಲದು. ಕೈ, ಕುತ್ತಿಗೆ, ಬೆನ್ನಿನ ಮೇಲೆ ಒಂದೆರಡು ಕಡೆ ಆಗಿದ್ದರೆ ಕ್ಲೋಟ್ರಿಮಜೋಲ್ ಅಥವಾ ಟೆರ್ಬಿನಾಫಿನ್ ಮುಲಾಮು ಸಾಮಾನ್ಯವಾಗಿ ಸಾಕು. ಅಂಚಿನಿಂದ 2 ಸೆಂಟಿಮೀಟರ್ ಆಚೆಯ ತನಕವೂ ಹಚ್ಚಬೇಕು. 2ರಿಂದ 4 ವಾರ ಹಿಡಿಯುತ್ತದೆ. ತುರಿಕೆ ನಾಲ್ಕೇ ದಿನಕ್ಕೆ ನಿಂತುಬಿಡಬಹುದು, ಮನೆಯವರು ಟ್ಯೂಬನ್ನು ಕಪಾಟಿಗೆ ಸೇರಿಸುವುದೂ ಆಗಲೇ. ಫಂಗಸ್ ಪೂರ್ತಿ ಸತ್ತಿರುವುದಿಲ್ಲ, ತಿಂಗಳೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. 'ಈ ಔಷಧಿ ಕೆಲಸಕ್ಕೆ ಬಾರದು' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ತಲೆಯದು ಹಾಗಲ್ಲ. ಅಲ್ಲಿ ಫಂಗಸ್ ಕೂದಲಿನ ಒಳಗೇ ಇಳಿದಿರುತ್ತದೆ, ಮುಲಾಮು ಅಲ್ಲಿಗೆ ಮುಟ್ಟುವುದೇ ಇಲ್ಲ. ಹೊಟ್ಟೆಗೆ ಔಷಧಿ ತೆಗೆದುಕೊಳ್ಳಲೇಬೇಕು. ಗ್ರಿಸಿಯೋಫುಲ್ವಿನ್ ಆದರೆ ಕನಿಷ್ಠ 6ರಿಂದ 8 ವಾರ, ಅದನ್ನೂ ಊಟದ ಜೊತೆ. ಎಷ್ಟು ಕೊಡಬೇಕೆಂಬುದನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ಜೊತೆಗೆ ಕೀಟೋಕೊನಜೋಲ್ ಶಾಂಪೂ ಬಳಸಿದರೆ ಬೇರೆಯವರಿಗೆ ಹರಡುವುದು ಕಡಿಮೆಯಾಗುತ್ತದೆ, ಆದರೆ ಶಾಂಪೂ ಒಂದರಿಂದಲೇ ವಾಸಿಯಾಗುವುದಿಲ್ಲ. ಆ ಹುಡುಗನ ತಲೆ ಬೋಳಿಸಬೇಕಾ ಎಂದೂ ಕೇಳಿದ್ದೀರಿ. ಬೇಡ, ಸುಮ್ನೆ ಮಗುವಿಗೆ ಅವಮಾನ.

ಇನ್ನೊಂದು ಅಪಾಯ, ಸ್ಟೀರಾಯ್ಡ್ ಬೆರೆತ ಮುಲಾಮು. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ, ವೈದ್ಯರು ಹೇಳದೆ ಹಚ್ಚಬೇಡಿ. ಎರಡೇ ದಿನದಲ್ಲಿ ಕೆಂಪು ಇಳಿದು, ತುರಿಕೆ ನಿಂತು, ಎಲ್ಲರಿಗೂ ಖುಷಿಯಾಗುತ್ತದೆ. ಒಳಗೊಳಗೇ ಫಂಗಸ್ ಹಬ್ಬುತ್ತಿರುತ್ತದೆ. ಉಂಗುರದ ಆಕಾರವೂ ಕೆಟ್ಟು, ವೈದ್ಯರಿಗೇ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಹಾಗೆ ನೋಡಿದರೆ ದುಂಡಗಿರುವ ಕಲೆಯೆಲ್ಲ ಹುಳುಕಡ್ಡಿಯೂ ಅಲ್ಲ, ಇಸುಬು ಕೂಡ ಹೀಗೇ ಕಾಣಬಹುದು. ಅನುಮಾನವಿದ್ದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ತರಗತಿಯಲ್ಲಿ ನಿಮ್ಮ ಕೆಲಸ ಹೆಚ್ಚಿಲ್ಲ. ಬಾಚಣಿಗೆ, ಟೋಪಿ, ಟವೆಲ್ ಒಬ್ಬರದು ಇನ್ನೊಬ್ಬರು ಬಳಸದಂತೆ ನೋಡಿಕೊಳ್ಳಿ. ಮೈಮೇಲಿನ ಕಲೆ ಬಟ್ಟೆಯಿಂದಲೋ ಪಟ್ಟಿಯಿಂದಲೋ ಮುಚ್ಚಿರಲಿ. ಕುಸ್ತಿಯಂಥ ಮೈಗೆ ಮೈ ತಾಗುವ ಆಟಕ್ಕೆ ಮಾತ್ರ ಬಿಡುವು ಕೊಡಿ. ಮೈಯದಾದರೆ ಮುಲಾಮು ಶುರುವಾಗಿ 3 ದಿನ, ತಲೆಯದಾದರೆ ಮಾತ್ರೆ ಶುರುವಾಗಿ 2 ವಾರ. ಅವರವರ ಮನೆಯಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರ ತಲೆಯನ್ನೂ ನೋಡಿಸಲು ಹೇಳಿ. ಏನೂ ಲಕ್ಷಣವಿಲ್ಲದೆಯೂ ಫಂಗಸ್ ಇಟ್ಟುಕೊಂಡಿರುವವರು ಇರುತ್ತಾರೆ. ಬೆಕ್ಕಿನ ಮರಿ, ನಾಯಿ ಮರಿ ಸಾಕಿದ್ದರೆ, ಅವುಗಳ ರೋಮ ಉದುರುತ್ತಿದೆಯೇ ಎಂದೂ ಗಮನಿಸಲಿ.

ಪೋಷಕರಿಗೆ ಚೀಟಿ ಬರೆಯುವಾಗ ಯಾವ ಮಗುವಿನ ಹೆಸರೂ ಬೇಡ. ಇದು ಕೊಳಕಿನಿಂದ ಬರುವ ರೋಗವಲ್ಲ, ದಿನಾ ಸ್ನಾನ ಮಾಡುವ ಮಗುವಿಗೂ ಅಂಟುತ್ತದೆ ಎಂದು ಮೊದಲ ಸಾಲಿನಲ್ಲೇ ಹಾಕಿ. ಅರ್ಧ ಜಗಳ ಅಲ್ಲೇ ತಣ್ಣಗಾಗಬಹುದು.

ಆ ಹುಡುಗನ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಬೋಳಾದ ಜಾಗ ಊದಿ, ಮೆತ್ತಗಾಗಿ, ಕೀವು ಒಸರತೊಡಗಿದರೆ ಕುರು ಎಂದುಕೊಂಡು ಕೊಯ್ಯಿಸುವುದು ಬೇಡ. ಅದೂ ಫಂಗಸ್ಸಿನದೇ ಆಟ ಇರಬಹುದು. ಹಾಗಿದ್ದಾಗ ಬೇಗ ಚರ್ಮವೈದ್ಯರ ಹತ್ತಿರ ಹೋದರೆ ಕೂದಲು ಮತ್ತೆ ಬರುತ್ತದೆ. ಬಿಟ್ಟರೆ ಗಾಯದ ಕಲೆ ಉಳಿದು, ಆ ಜಾಗದಲ್ಲಿ ಕೂದಲು ಬಾರದೇ ಹೋಗಬಹುದು.

— ಸಂಪಾದಕ