ಡಿ.ಫಾರ್ಮೋ ಬಿ.ಫಾರ್ಮೋ – ಶಹಾಪುರದ ತಂಗಿಗೆ
ತಂಗಿ, ಪಿಯುಸಿ ಸೈನ್ಸ್ ಮುಗದದ, ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಸೇರ್ಲೋ ಬಿ.ಫಾರ್ಮ್ (ಫಾರ್ಮಸಿ ಡಿಗ್ರಿ) ಸೇರ್ಲೋ, ಹತ್ತನೇತ್ತ ತನಕ ಕನ್ನಡ ಮೀಡಿಯಂ ಇತ್ತು ಅಂತ ಹೆದರಿಕಿ ಅಂದೀರಲ್ಲ, ನಾನೂ ಕನ್ನಡ ಮೀಡಿಯಂದವನೇ, ಕಲಬುರಗಿಯೊಳಗ ಬಿ.ಫಾರ್ಮ್ ಮಾಡೀನಿ. ಮೊದಲನೇ ಸೆಮ್ ತ್ರಾಸ್ ಆಗ್ತದ ಖರೆ, ಆಮ್ಯಾಲ ಹೊಂದಿಕೋತದ.

ಮನ್ಯಾಗ ಲಗೂನ ದುಡಿಮಿ ಬೇಕಿದ್ರ ಡಿ.ಫಾರ್ಮ್, 2 ವರ್ಷ ಓದು, ಮ್ಯಾಲ 500 ತಾಸು ಟ್ರೈನಿಂಗ್, ಆಮ್ಯಾಲ ಫಾರ್ಮಸಿ ಕೌನ್ಸಿಲ್‌ನಾಗ ರಿಜಿಸ್ಟರ್ ಆದ್ರ ಮೆಡಿಕಲ್ ಸ್ಟೋರ್ ನಡಸಬಹುದು. ಕಂಪನಿ, ಕ್ವಾಲಿಟಿ ಕಂಟ್ರೋಲ್, ಎಂ.ಫಾರ್ಮ್ (ಮಾಸ್ಟರ್ ಡಿಗ್ರಿ) ಅಂತ ಆಸಿ ಇದ್ರ 4 ವರ್ಷದ ಬಿ.ಫಾರ್ಮೇ ಹಿಡೀರಿ. ಡಿ.ಫಾರ್ಮ್ ಮಾಡಿದ್ರೂ ಬಾಗಿಲು ಮುಚ್ಚಂಗಿಲ್ಲ, ಲ್ಯಾಟರಲ್ ಎಂಟ್ರಿ ಅಂದ್ರ ಮೊದಲನೇ ವರ್ಷ ಬಿಟ್ಟು ನೇರ ಬಿ.ಫಾರ್ಮ್ ಎರಡನೇ ವರ್ಷಕ್ಕ ಸೇರಬಹುದು. ಸಿಇಟಿಗೆ 371(ಜೆ) ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವ್ರ ಮೀಸಲಾತಿದು) ಈಗೇ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಿಂದ ತಗೋರಿ, ನಮ್ಮ ಭಾಗದ ಕಾಲೇಜಿನ್ಯಾಗ ನಮ್ಮವ್ರಿಗೆ 70 ಪರ್ಸೆಂಟ್ ಸೀಟ್ ಅವ, ಆ ಹಕ್ಕು ಬಿಡಬ್ಯಾಡ್ರಿ.

ಪ್ರಾಕ್ಟಿಕಲ್ ಮಾತ್ರ ಬಹಳ ಚಂದ. ಸಿಂಪಲ್ ಸಿರಪ್ ಮಾಡಸ್ತಾರ, ಇಂಡಿಯನ್ ಫಾರ್ಮಕೋಪಿಯಾ (ಔಷಧಿ ಗುಣಮಟ್ಟದ ಸರ್ಕಾರಿ ಪುಸ್ತಕ) ಪ್ರಕಾರ ತೂಕದಾಗ 66.7 ಪರ್ಸೆಂಟ್ ಸಕ್ರಿ, ಕಡಿಮಿ ಆದ್ರ ಬೂಷ್ಟು ಹಿಡೀತದ, ಜಾಸ್ತಿ ಆದ್ರ ತಳದಾಗ ಹರಳುಗಟ್ತದ. ಅವ್ವ ಪಾಕ ಹಿಡಿಯೋದು ನೋಡಿದ್ರೆ ನಿಮಗ ಅರ್ಧ ಫಾರ್ಮಾಸ್ಯುಟಿಕ್ಸ್ (ಔಷಧಿ ತಯಾರಿಸೋ ವಿಷಯ) ಬಂದಂಗೇ! ಇಂಗ್ಲಿಷ್ ಸಲುವಾಗಿ ಒಂದ್ ನೋಟ್‌ಬುಕ್ ಇಡ್ರಿ, ಎಡಕ್ಕ ಇಂಗ್ಲಿಷ್ ಶಬ್ದ, ಬಲಕ್ಕ ಕನ್ನಡ ಅರ್ಥ, ನಾ ಹಿಂಗೇ ಫಾರ್ಮಕಾಲಜಿ (ಔಷಧಿ ಮೈಯಾಗ ಹ್ಯಾಂಗ ಕೆಲಸ ಮಾಡ್ತದ ಅನ್ನೋ ವಿಷಯ) ಪಾಸಾಗೀನಿ. ಸೇರೂಕಿಂತ ಮೊದಲ ಆ ಕಾಲೇಜಿಗೆ ಪಿಸಿಐ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) ಅಪ್ರೂವಲ್ ಅದನೋ ಇಲ್ಲೋ ಅವ್ರ ವೆಬ್‌ಸೈಟ್‌ನಾಗ ನೀವೇ ನೋಡ್ರಿ, ಏಜೆಂಟ್ ಮಾತು ನಂಬಿ ರೊಕ್ಕ ಕೊಡಬ್ಯಾಡ್ರಿ.