ಹಳೆ ಗ್ರೂಪ್ ಫೋಟೋವನ್ನು ಬ್ಯಾನರ್ ಮಾಡಿಸಲು 300 ಡಿಪಿಐ ಸಾಕಾ?

ನಿಮ್ಮಜ್ಜ ಇರುವ ಭಜನಾ ಮಂಡಳಿಯ ಹಳೆ ಫೋಟೋವನ್ನು ಜಾತ್ರೆಗೆ 10 ಅಡಿ ಬ್ಯಾನರ್ ಮಾಡಿಸಬೇಕು, ಮೊಬೈಲ್‌ನಲ್ಲಿ ತೆಗೆದು ಆ್ಯಪ್‌ನಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಮಾಡಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ದಯವಿಟ್ಟು ಹಾಗೆ ಮಾಡಬೇಡಿ. 2019ರ ಜನವರಿಯಲ್ಲಿ ನಾನೂ ಇದೇ 300ರ ಬೆನ್ನು ಹತ್ತಿದ್ದೆ.

ನಮ್ಮೂರು ರೋಣದ ಕಡೆ, ಮಲಪ್ರಭೆಯ ದಂಡೆಯಲ್ಲಿದೆ. ಊರ ಶಾಲೆಯ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಾನಾಗ ಗದಗದಲ್ಲಿ ಡಿಟಿಪಿ, ಅಂದ್ರೆ ಪ್ರಿಂಟಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೆ. ಗದಗಕ್ಕೆ ಮುದ್ರಣ ಕಾಶಿ ಅಂತಾರಲ್ವಾ, ಲಗ್ನಪತ್ರಿಕೆ, ಪುಸ್ತಕ, ರಸೀದಿ ಬುಕ್ಕು, ಎಲ್ಲವೂ ಕೈಯಲ್ಲಿ ಹಿಡಿದು ಓದುವಂಥವು. ಅವಕ್ಕೆ 300 ಸರಿಯೇ. ಹಾಗಾಗಿ ನನ್ನ ತಲೆಯಲ್ಲಿ 300 ಅಂದ್ರೆ ಒಳ್ಳೆಯ ಪ್ರಿಂಟು ಅಂತ ಕೂತುಬಿಟ್ಟಿತ್ತು.

ನಮ್ಮ ಓಣಿಯ ಕಾಕಾ ಒಬ್ಬರ ಹತ್ತಿರ 1968ರ ಏಳನೇ ಇಯತ್ತೆಯ ಗ್ರೂಪ್ ಫೋಟೋ ಇತ್ತು. ಊರಿಗೆಲ್ಲ ಅದೊಂದೇ ಪ್ರತಿ. ಅದನ್ನು ಟಾವೆಲ್‌ನಲ್ಲಿ ಸುತ್ತಿಕೊಂಡು, ಬಸ್ ಹತ್ತಿ ಗದಗಕ್ಕೆ ಬಂದಿದ್ದರು. "ಲಗೂ ಮಾಡಿ ಕೊಡಪಾ, ಇದನ್ನ ಬಿಟ್ಟು ನಾ ಹೋಗೂದಿಲ್ಲ" ಅಂದರು. ಸರಿ, ನಾನು ಸ್ಕ್ಯಾನರ್ ಮೇಲೆ ಇಟ್ಟು, 300 ಅಂತ ಆರಿಸಿ, ಅರ್ಧ ನಿಮಿಷದಲ್ಲಿ ಮುಗಿಸಿ ಕೈಗೆ ಕೊಟ್ಟೆ. ತಪ್ಪಾಗಿದ್ದು ಇಲ್ಲೇ.

ಫೋಟೋ ಇದ್ದದ್ದು 6 ಇಂಚು ಅಗಲ, 4 ಇಂಚು ಎತ್ತರ. ಒಂದು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸಿಗುವುದು 1800 ಗುಣಿಸು 1200 ಚುಕ್ಕೆ. ನಮ್ಮ ಹತ್ತಿರ ಇರುವ ಬಂಡವಾಳ ಅಷ್ಟೇ. ಅದರಲ್ಲಿ ಒಬ್ಬ ಹುಡುಗನ ಮುಖ ಕಡಲೆಕಾಳಿನಷ್ಟು, ಇಂಚಿನ ಐದನೇ ಒಂದು ಭಾಗ. ಅಂದ್ರೆ ಒಂದು ಮುಖಕ್ಕೆ ಅಡ್ಡಕ್ಕೆ ಬರೀ 60 ಚುಕ್ಕೆ. ಬ್ಯಾನರ್ ಅಳತೆ 12 ಅಡಿ ಗುಣಿಸು 8 ಅಡಿ. 12 ಅಡಿ ಅಂದ್ರೆ 144 ಇಂಚು. 1800 ಚುಕ್ಕೆಯನ್ನು ಅಷ್ಟಕ್ಕೆ ಹಂಚಿದರೆ ಇಂಚಿಗೆ ಹನ್ನೆರಡೂವರೆ ಚುಕ್ಕೆ ಬರುತ್ತದೆ. ಒಂದೊಂದು ಚುಕ್ಕೆ 2 ಮಿಲಿಮೀಟರ್!

ಇದು ಗೊತ್ತಾಗದಂತೆ ಮಾಡಿದ್ದು ಫೋಟೋಶಾಪ್‌ನ ಇಮೇಜ್ ಸೈಜ್ ಕಿಟಕಿ. ಅಲ್ಲಿ ರೀಸ್ಯಾಂಪಲ್ ಅಂತ ಒಂದು ಟಿಕ್ ಇರುತ್ತದೆ, ಅಳತೆ ಹಿಗ್ಗಿಸಿದರೆ ಹೊಸ ಚುಕ್ಕೆ ಸೇರಿಸುವಂಥದ್ದು, ಅದು ಆನ್ ಇತ್ತು. ನಾನು 12 ಅಡಿ, 8 ಅಡಿ, 300 ಅಂತ ಹೊಡೆದೆ. ಫೈಲು 43,200 ಗುಣಿಸು 28,800 ಚುಕ್ಕೆ ಆಯಿತು, ಸುಮಾರು 124 ಕೋಟಿ. ಕಂಪ್ಯೂಟರ್ ತೆವಳತೊಡಗಿತು, ಫೋಟೋಶಾಪ್‌ನ ಮಾಮೂಲಿ ಫೈಲು ಬಗೆಯಾದ ಪಿಎಸ್‌ಡಿಯಲ್ಲಿ ಸೇವ್ ಕೂಡ ಆಗಲಿಲ್ಲ, ದೊಡ್ಡ ಫೈಲಿಗೆ ಇರುವ ಪಿಎಸ್‌ಬಿ ಮಾಡಬೇಕಾಯಿತು, ಯಾಕಂದ್ರೆ ಪಿಎಸ್‌ಡಿಯ ಮಿತಿ ಒಂದು ಬದಿಗೆ 30,000 ಚುಕ್ಕೆ. ಇಷ್ಟು ಭಾರದ ಫೈಲು ಅಂದ್ಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡೆ. ಆದರೆ ನಿಜವಾಗಿ ಇದ್ದದ್ದು 21 ಲಕ್ಷ 60 ಸಾವಿರ ಚುಕ್ಕೆ ಮಾತ್ರ. ಉಳಿದದ್ದೆಲ್ಲ ಅಕ್ಕಪಕ್ಕದ ಬಣ್ಣ ನೋಡಿ ಫೋಟೋಶಾಪ್ ತುಂಬಿದ್ದು. ಒಂದು ನಿಜದ ಚುಕ್ಕೆಗೆ 575 ಸುಳ್ಳು ಚುಕ್ಕೆ. ಹಾಲಿಗೆ ನೀರು ಬೆರೆಸಿದರೆ ಕೊಡ ತುಂಬುತ್ತದೆ, ಹಾಲು ಹೆಚ್ಚಾಗುವುದಿಲ್ಲ, ಅಲ್ವಾ? ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಯವರು ಆ ಫೈಲು ತೆಗೆದುಕೊಂಡು, ಮಾತಾಡದೆ 72 ಡಿಪಿಐಗೆ ಇಳಿಸಿ ಹೊಡೆದು ಕೊಟ್ಟರು. ಅವರದ್ದೇನೂ ತಪ್ಪಿಲ್ಲ.

ಕಾರ್ಯಕ್ರಮದ ದಿನ ಬ್ಯಾನರನ್ನು ಶಾಲೆಯ ಗೋಡೆಗೆ ಕಟ್ಟಿದೆವು. ಗೇಟಿನಿಂದ ಭಾಳ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಎಲ್ಲರೂ ಎದ್ದು ಹತ್ತಿರ ಬಂದರು. ಗ್ರೂಪ್ ಫೋಟೋವನ್ನು ಯಾರೂ ದೂರ ನಿಂತು ನೋಡುವುದಿಲ್ಲ, ತಮ್ಮವರ ಮುಖ ಹುಡುಕುತ್ತಾರೆ. ವಯಸ್ಸಾದ ಅಮ್ಮ ಒಬ್ಬರು ಬಂದು, "ಇದರಾಗ ನಮ್ಮ ಯಜಮಾನ್ರು ಯಾರು ತಮ್ಮಾ?" ಅಂತ ಕೇಳಿದರು. ಅವರ ಯಜಮಾನರು ತೀರಿಹೋಗಿ ಕೆಲವು ವರ್ಷ ಆಗಿತ್ತು. ಹುಡುಗನಾಗಿದ್ದಾಗ ಹೇಗಿದ್ದರು ಅಂತ ಆಕೆ ಯಾವತ್ತೂ ನೋಡಿರಲಿಲ್ಲ. ಎರಡನೇ ಸಾಲು, ಎಡಗಡೆಯಿಂದ ನಾಲ್ಕನೆಯವರು ಅಂತ ಕಾಕಾ ತೋರಿಸಿದರು. ಆಕೆ ಮೂಗು ತಾಗುವಷ್ಟು ಹತ್ತಿರ ಹೋದರು, ಹಿಂದೆ ಸರಿದರು, ಮತ್ತೆ ಹೋದರು. ಕಡೆಗೆ "ನನ್ನ ಕಣ್ಣ ಮಂಜಾಗ್ಯಾವ ಅನಸ್ತೈತಿ" ಅಂದರು. ಆಕೆಯ ಕಣ್ಣು ಚೆನ್ನಾಗಿಯೇ ಇದ್ದವು. ಅಲ್ಲಿ ಮುಖವೇ ಇರಲಿಲ್ಲ, ಬೂದು ಬಣ್ಣದ ಮಬ್ಬು ಇತ್ತು.

ಇನ್ನೊಮ್ಮೆ ಸ್ಕ್ಯಾನ್ ಮಾಡಿ ಆಕೆಗೆ ಒಂದು ಪ್ರಿಂಟು ಕೊಡೋಣ ಅಂದುಕೊಂಡೆ. ಇವತ್ತು ನಾಳೆ ಅಂತ ದಿನ ಹೋದವು. ಆ ವರ್ಷ ಆಗಸ್ಟಿನಲ್ಲಿ ಮಲಪ್ರಭೆಗೆ ಹೊಳೆ ಬಂತು, ಕಾಕಾನ ಮನೆಯೊಳಗೆ ನೀರು ನಿಂತಿತು. ಫೋಟೋ ಗಾಜಿಗೆ ಹತ್ತಿಕೊಂಡು, ಬಿಡಿಸುವಾಗ ಮೇಲಿನ ಪದರವೇ ಕಿತ್ತು ಬಂತು. ಈಗ ಆ 43 ಹುಡುಗರು ಉಳಿದಿರುವುದು ನನ್ನ 300ರ ಸ್ಕ್ಯಾನ್‌ನಲ್ಲಿ ಮಾತ್ರ. ಅವತ್ತು ಕಾಕಾನಿಗೆ ಚಹಾ ತರಿಸಿ ನಾಲ್ಕೈದು ನಿಮಿಷ ಕೂರಿಸಿ, 1200ಕ್ಕೆ ಸ್ಕ್ಯಾನ್ ಮಾಡಿದ್ದರೆ 7200 ಗುಣಿಸು 4800 ಚುಕ್ಕೆ ಸಿಗುತ್ತಿದ್ದವು, ಮುಖಕ್ಕೆ 240.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊಬೈಲ್ ಬೇಡ, ಫ್ಲಾಟ್‌ಬೆಡ್ ಸ್ಕ್ಯಾನರ್ (ಗಾಜಿನ ಮೇಲೆ ಫೋಟೋ ಮಲಗಿಸಿ ಇಡುವಂಥದ್ದು) ಇರುವ ಕಡೆ ಒಯ್ಯಿರಿ. ಸ್ಕ್ಯಾನರ್‌ನ ಆಪ್ಟಿಕಲ್ ಅಂಕಿ, ಅಂದ್ರೆ ಅದು ಇಂಚಿಗೆ ನಿಜವಾಗಿ ಓದುವ ಚುಕ್ಕೆ, 1200 ಆದರೂ ಇದೆಯಾ ಕೇಳಿ, ಆ ಆಪ್ಟಿಕಲ್ ಅಂಕಿಗಿಂತ ಮೇಲಿನದೆಲ್ಲ ತುಂಬಿದ ಚುಕ್ಕೆಯೇ. ಫೋಟೋ ದೊಡ್ಡದಿದ್ದರೆ 600 ಸಾಕು. ಟಿಫ್ (TIFF) ಫೈಲಾಗಿ ಉಳಿಸಿ, ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಎಷ್ಟು ಡಿಪಿಐ ಅನ್ನುವ ಪ್ರಶ್ನೆಯನ್ನು ಬಿಟ್ಟು, ಎಷ್ಟು ದೂರದಿಂದ ನೋಡುತ್ತಾರೆ ಅಂತ ಕೇಳಿಕೊಳ್ಳಿ. 300ನ್ನು ಆ ಅಡಿಗಳಿಂದ ಭಾಗಿಸಿ. 1 ಅಡಿಗೆ 300, 3 ಅಡಿಗೆ 100, 10 ಅಡಿಗೆ 30. ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಚುಕ್ಕೆಯ ಲೆಕ್ಕ ಅದು. ಕಂಬದ ಮೇಲಿನ ಬ್ಯಾನರಿಗೆ 30 ಇದ್ದರೂ ನಡೆಯುತ್ತದೆ. ಆದರೆ ನಿಮ್ಮದು ಗ್ರೂಪ್ ಫೋಟೋ, ಜನ ಹತ್ತಿರ ಬರುತ್ತಾರೆ, ಹಾಗಾಗಿ 100 ಹಿಡಿಯಿರಿ. 7200 ಚುಕ್ಕೆ ಇದ್ದರೆ 72 ಇಂಚು, ಅಂದ್ರೆ 6 ಅಡಿ. 10 ಅಡಿಯ ಆಸೆ ಬಿಡಿ. 6 ಅಡಿಯದನ್ನು ವಿನೈಲ್ ಹಾಳೆ ಮೇಲೆ ಹೊಡೆಸಿ ಸನ್‌ಬೋರ್ಡಿಗೆ (ಹಗುರ ಫೋಮ್ ಹಲಗೆ) ಅಂಟಿಸಿ, ಕಣ್ಣಿನ ಎತ್ತರಕ್ಕೆ ಇಡಿ.

ಮುಖ ಸ್ಪಷ್ಟ ಮಾಡುವ ಎಐ ಆ್ಯಪ್‌ಗಳನ್ನು ಮಾತ್ರ ಮುಟ್ಟಬೇಡಿ. ನಾನು ಆ 60 ಚುಕ್ಕೆಯ ಮುಖವನ್ನು ಅದಕ್ಕೂ ಹಾಕಿ ನೋಡಿದ್ದೇನೆ. ಕಣ್ಣು, ರೆಪ್ಪೆ, ತುಟಿ ಎಲ್ಲ ಬಂತು. ಕಾಕಾನಿಗೆ ತೋರಿಸಿದೆ, "ಇಂವ ಯಾರೋ ಬ್ಯಾರೆ ಹುಡುಗ" ಅಂದರು. ಆ ಅಮ್ಮನಿಗೆ ಅದನ್ನು ಕೊಡಲಿಲ್ಲ.

ಇನ್ನೊಂದು ಮಾತು, ಫೋಟೋದ ಹಿಂದೆ ಹೆಸರು ಬರೆದಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿಸಿ. ಅದಕ್ಕೆ 300 ಸಾಕು.