ಪಿಇ ಒಂಬತ್ತು ಅಂದರೆ ಅಗ್ಗವಾ? ಇನ್ಶೂರೆನ್ಸ್ ಷೇರಿಗೆ ಹತ್ತು ವರ್ಷದ ಲೆಕ್ಕ

ಗೌಡ್ರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಗಾಳಿಮಳೆಗೆ ಕರೆಂಟು ಹೋಗಿ ಮೊಬೈಲು ಸತ್ತಿತ್ತು, ಅದಕ್ಕೆ ಈಗ ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: ಒಂದು ಜನರಲ್ ಇನ್ಶೂರೆನ್ಸ್ (ಜೀವ ವಿಮೆ ಬಿಟ್ಟು ವಾಹನ, ಬೆಳೆಯಂಥ ವಿಮೆ) ಕಂಪನಿಯ ಷೇರು 400 ರೂಪಾಯಿಗೆ ಸಿಗುತ್ತಿದೆ. 2024-25ರಲ್ಲಿ ಒಂದು ಷೇರಿಗೆ ಬಂದ ಲಾಭ, ಅಂದರೆ ಇಪಿಎಸ್, 44 ರೂಪಾಯಿ. ಪಿಇ, ಅಂದರೆ ಷೇರಿನ ದರ ಆ ಲಾಭದ ಎಷ್ಟು ಪಟ್ಟು ಅನ್ನುವುದು, ಬರೀ ಒಂಬತ್ತು. ಅಡಿಕೆ ಮಾರಿದ ದುಡ್ಡಲ್ಲಿ ಸ್ವಲ್ಪ ಇದಕ್ಕೆ ಹಾಕಬಹುದಾ ಅಂತ. ಅದರ ಕೆಳಗೆ ಒಬ್ಬರು ‘ಹತ್ತು ವರ್ಷದ ಲಾಭಕ್ಕೆ ಹಣದುಬ್ಬರ ಸೇರಿಸಿ ಸರಾಸರಿ ತೆಗೀರಿ’ ಅಂದರು. ಇನ್ನೊಬ್ಬರು ‘ಹಳೇ ಪುರಾಣ ಯಾಕೆ, ಮುಂದಿನ ವರ್ಷ ನೋಡಿ’ ಅಂದರು. ನಾನು ಮೊದಲನೆಯವರ ಕಡೆ. ಆದರೆ ಅವರು ಹೇಳಿದ ಲೆಕ್ಕದಲ್ಲೂ ಒಂದೆರಡು ಗುಂಡಿಗಳಿವೆ.

ಯಾರೋ ಅಡಿಕೆ ತೋಟ ಮಾರಲು ಬಂದಿದ್ದಾರೆ ಅಂದುಕೊಳ್ಳಿ. ‘ಹೋದ ವರ್ಷ ಎಕರೆಗೆ 14 ಕ್ವಿಂಟಾಲ್ ಆಯ್ತು, ರಾಶಿ ಇಡಿ ಅಡಿಕೆಗೆ ದರವೂ ಚೆನ್ನಾಗಿತ್ತು. ಆ ಆದಾಯದ ಒಂಬತ್ತು ಪಟ್ಟು ಕೊಡಿ ಸಾಕು’ ಅನ್ನುತ್ತಾರೆ. ನೀವು ಕೊಡುತ್ತೀರಾ? ಬೇಸಿಗೆಯಲ್ಲಿ ನೀರು ಎಷ್ಟು, ಕೊಳೆ ರೋಗ ಯಾವ ವರ್ಷ ಎಷ್ಟು ತಿಂದಿತು, ಎಲೆಚುಕ್ಕಿ ರೋಗ ಮೇಲಿನ ತೋಟದವರೆಗೆ ಬಂದಿದೆಯಾ, ಎಲ್ಲ ಕೇಳುತ್ತೀರಿ. ಒಂದು ವರ್ಷದ ಚೇಣಿ (ಫಸಲು ಗುತ್ತಿಗೆ) ಹಿಡಿಯುವವನೂ ಎರಡು ಸಲ ತೋಟ ಸುತ್ತುತ್ತಾನೆ. 2014ರಲ್ಲಿ ಅಡಿಕೆ ದರ ಮೇಲೆ ಹೋದಾಗ ಅದೇ ಕಾಯಂ ಅಂದುಕೊಂಡು ತೋಟ ಕೊಂಡವರ ಕಥೆ ನಮ್ಮ ಕಡೆ ಊರಿಗೊಂದು ಇದೆ. ಷೇರು ಅಂದಕೂಡಲೇ ಈ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ನನಗೂ ಹಾಗೇ ಆಗಿದೆ. ಕೆಲವು ವರ್ಷದ ಹಿಂದೆ ಒಂದು ವಿಮಾ ಕಂಪನಿಯ ಷೇರನ್ನು ಪಿಇ ಹತ್ತಕ್ಕಿಂತ ಕಡಿಮೆ ಅಂತ ಖುಷಿಯಿಂದ ತಗೊಂಡೆ. ಹೆಸರು ಬೇಡ ಬಿಡಿ. ಮುಂದಿನ ವರ್ಷ ಕ್ಲೇಮು ಜಾಸ್ತಿ ಬಂದು ಲಾಭ ನೆಲ ಕಚ್ಚಿತು. ಷೇರು ಅರ್ಧ ಆಯಿತು. ತಮಾಷೆ ಅಂದರೆ, ದರ ಬಿದ್ದ ಮೇಲೆ ಪಿಇ ನೋಡಿದರೆ ಐವತ್ತರ ಮೇಲಿತ್ತು! ಒಳ್ಳೆ ವರ್ಷದಲ್ಲಿ ಅಗ್ಗ ಅಂತ ತೋರಿಸಿ, ಕೆಟ್ಟ ವರ್ಷದಲ್ಲಿ ದುಬಾರಿ ಅಂತ ತೋರಿಸುವ ತಕ್ಕಡಿ ಅದು.

ಎಲ್ಲ ಕಂಪನಿಗೂ ಏರಿಳಿತ ಇದೆ ಅಲ್ವಾ, ಇನ್ಶೂರೆನ್ಸಿಗೆ ಏನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ. ಬಿಸ್ಕೆಟ್ ಕಂಪನಿಗೆ ಖರ್ಚು ಮೊದಲು, ಮಾರಾಟ ಆಮೇಲೆ. ಇಲ್ಲಿ ಉಲ್ಟಾ. ದುಡ್ಡು ಮೊದಲು ಬರುತ್ತದೆ, ಖರ್ಚು ಎಷ್ಟು ಅಂತ ಆಮೇಲೆ ಗೊತ್ತಾಗುತ್ತದೆ. ನಮ್ಮ ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆಯನ್ನೇ ನೋಡಿ. ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ನಮ್ಮ ಪಾಲು ಶೇಕಡಾ 5, ಅಂದರೆ 6,400. ಉಳಿದ ಪ್ರೀಮಿಯಂ ಸರ್ಕಾರಗಳದ್ದು. ಮಳೆಮಾಪನ ಕೇಂದ್ರದ ಲೆಕ್ಕದಲ್ಲಿ ಮಳೆ ಹದವಾಗಿ ಬಂದ ವರ್ಷ ಕಂಪನಿಗೆ ಸುಗ್ಗಿ. 2019ರ ಆಗಸ್ಟಿನ ಹಾಗೆ ಸುರಿದರೆ ಇಡೀ ತಾಲ್ಲೂಕಿಗೆ ಒಟ್ಟಿಗೆ ಪರಿಹಾರ ಕೊಡಬೇಕು. (ನಮ್ಮ ಪಂಚಾಯಿತಿಯ ಮಳೆಮಾಪಕದ ಬಗ್ಗೆ ನನ್ನ ಬಾಯಿ ಬಿಡಿಸಬೇಡಿ, ಅದಕ್ಕೆ ಬೇರೆ ಪೋಸ್ಟೇ ಬೇಕು.)

ಎರಡನೆಯದು ಇನ್ನೂ ಸೂಕ್ಷ್ಮ. ರಸ್ತೆ ಅಪಘಾತದ ಥರ್ಡ್ ಪಾರ್ಟಿ ಕ್ಲೇಮು ಕೋರ್ಟಿನಲ್ಲಿ ಎಷ್ಟು ವರ್ಷ ಎಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಕಂಪನಿ ‘ಇಷ್ಟು ಕೊಡಬೇಕಾಗಬಹುದು’ ಅಂತ ಅಂದಾಜು ಮಾಡಿ ದುಡ್ಡು ತೆಗೆದಿಡಬೇಕು. ಅಂದಾಜು ಕಡಿಮೆ ಹಿಡಿದರೆ ಈ ವರ್ಷ ಲಾಭ ಜಾಸ್ತಿ ಕಾಣುತ್ತದೆ. ನಾಲ್ಕೈದು ವರ್ಷ ಬಿಟ್ಟು ಆ ಹೊಡೆತ ಬರುತ್ತದೆ. ಒಂದು ವರ್ಷದ ಪುಸ್ತಕದಲ್ಲಿ ಇದನ್ನು ಹಿಡಿಯಲು ಆಗುವುದಿಲ್ಲ. ಹತ್ತು ವರ್ಷ ಒಟ್ಟಿಗೆ ಹಿಡಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಹಳೆಯ ಸುಳ್ಳಿನ ಬಹುಪಾಲು ಅಷ್ಟರಲ್ಲಿ ಹೊರಗೆ ಬಂದಿರುತ್ತದೆ. ಹತ್ತು ವರ್ಷದ ಲೆಕ್ಕ ವಿಮೆಗೆ ಒಪ್ಪುತ್ತದೆ ಅಂತ ನಾನು ಹೇಳಲು ಮುಖ್ಯ ಕಾರಣ ಇದೇ.

ಮೂರನೆಯದು ಹೂಡಿಕೆ. ನಮ್ಮ ದೇಶದ ಜನರಲ್ ಇನ್ಶೂರೆನ್ಸ್ ಕಂಪನಿಗಳು ತಮ್ಮ ಹತ್ತಿರ ಇರುವ ಷೇರುಗಳ ಬೆಲೆ ಏರಿದರೆ ಆ ಏರಿಕೆಯನ್ನು ಲಾಭಕ್ಕೆ ಸೇರಿಸುವ ಹಾಗಿಲ್ಲ. ಅದು ಬೇರೆ ಖಾತೆಯಲ್ಲಿ ಇರುತ್ತದೆ. ಮಾರಿದಾಗ ಮಾತ್ರ ಲಾಭ. ಹಾಗಾಗಿ ವಿಮೆ ವ್ಯಾಪಾರ ಕೆಟ್ಟ ವರ್ಷ ಹಳೆಯ ಷೇರು ಮಾರಿ ಲಾಭ ತೋರಿಸಬಹುದು. ತೋಟದ ಅಂಚಿನ ಸಿಲ್ವರ್ ಓಕ್ ಕಡಿದು ಮಾರಿ, ಅದನ್ನೂ ಅಡಿಕೆ ಆದಾಯಕ್ಕೆ ಸೇರಿಸಿ ಹೇಳಿದ ಹಾಗೆ. ನಿಮ್ಮ ಕಂಪನಿಯ 44ರಲ್ಲಿ ಎಷ್ಟು ಅಡಿಕೆ, ಎಷ್ಟು ಸಿಲ್ವರ್ ಓಕ್? ಆನ್ಯುವಲ್ ರಿಪೋರ್ಟಿನಲ್ಲಿ ‘ಹೂಡಿಕೆ ಮಾರಾಟದಿಂದ ಲಾಭ’ ಅಂತ ಪ್ರತ್ಯೇಕ ಸಾಲು ಇರುತ್ತದೆ, ನೋಡಿ. ಜೊತೆಗೆ ಕಂಬೈನ್ಡ್ ರೇಶಿಯೋ ನೋಡಿ. 100 ರೂಪಾಯಿ ಪ್ರೀಮಿಯಂ ಬಂದರೆ ಕ್ಲೇಮು, ಕಮಿಷನ್, ಖರ್ಚು ಸೇರಿ ಎಷ್ಟು ಹೋಯಿತು ಅಂತ ಅದು ಹೇಳುತ್ತದೆ. 100 ದಾಟಿದರೆ ವಿಮೆಯಲ್ಲಿ ನಷ್ಟ, ಹೂಡಿಕೆಯ ದುಡ್ಡಲ್ಲಿ ಸಂಸಾರ ನಡೆಯುತ್ತಿದೆ ಅಂತ ಅರ್ಥ.

ಈ ಸರಾಸರಿ ಉಪಾಯ ಹೊಸದೇನಲ್ಲ. 1934ರಲ್ಲೇ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಕನಿಷ್ಠ ಐದು ವರ್ಷ, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷದ ಲಾಭದ ಸರಾಸರಿ ನೋಡಿ ಅಂದಿದ್ದರು. ಅದಕ್ಕೆ ಹಣದುಬ್ಬರದ ಲೆಕ್ಕ ಸೇರಿಸಿ 1988ರಲ್ಲಿ ಬರೆದವರು ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್. ಶಿಲ್ಲರ್‌ಗೆ 2013ರಲ್ಲಿ ನೊಬೆಲ್ ಬಂತು. ಇದನ್ನು ಕೇಪ್ ಅನ್ನುತ್ತಾರೆ. ಆದರೆ ಶಿಲ್ಲರ್ ಲೆಕ್ಕ ಹಾಕಿದ್ದು ಇಡೀ ಅಮೆರಿಕದ ಮಾರುಕಟ್ಟೆಗೆ. ಅಲ್ಲಿ ಒಂದು ಕಂಪನಿ ಮುಳುಗಿದರೆ ಇನ್ನೊಂದು ಏಳುತ್ತದೆ. ನಾವು ಒಂದೇ ಕಂಪನಿಗೆ ಹಾಕುವಾಗ ಆ ಆಸರೆ ಇಲ್ಲ, ನೆನಪಿರಲಿ.

ಈಗ ನೀವು ಹಾಕಿದ್ದ ಅಂಕಿಗಳಿಗೆ ಬರೋಣ. 2015-16ರಿಂದ ಸಾಲಾಗಿ ಇಪಿಎಸ್ ಹೀಗಿದೆ: 14, 18, 22, 6, ನಷ್ಟ 10, 16, ನಷ್ಟ 4, 24, 38, 44. ಹಣದುಬ್ಬರಕ್ಕೆ ನಾನು ಆದಾಯ ತೆರಿಗೆಯವರ ಕಾಸ್ಟ್ ಇನ್‌ಫ್ಲೇಶನ್ ಇಂಡೆಕ್ಸ್ ಬಳಸಿದ್ದೇನೆ. ಸೈಟು ಮಾರಿದಾಗ ಆಡಿಟರ್ ಹಿಡಿಯುತ್ತಾರಲ್ಲ, ಅದೇ. ವರ್ಷಕ್ಕೊಂದೇ ಅಂಕಿ, ಎಲ್ಲರ ಕೈಗೂ ಸಿಗುತ್ತದೆ. 2015-16ಕ್ಕೆ 254, 2019-20ಕ್ಕೆ 289, 2024-25ಕ್ಕೆ 363. ಇದು ನಿಜವಾದ ಬೆಲೆ ಏರಿಕೆಯ ಮುಕ್ಕಾಲು ಭಾಗವನ್ನು ಮಾತ್ರ ಹಿಡಿಯುತ್ತದೆ. ಕರಾರುವಾಕ್ಕಾಗಿ ಬೇಕು ಅನ್ನುವವರು ಗ್ರಾಹಕ ಬೆಲೆ ಸೂಚ್ಯಂಕವನ್ನೇ ತಗೊಳ್ಳಿ.

ಲೆಕ್ಕ ಸುಲಭ. 2015-16ರ 14 ರೂಪಾಯಿಯನ್ನು 363ರಿಂದ ಗುಣಿಸಿ 254ರಿಂದ ಭಾಗಿಸಿದರೆ ಈಗಿನ 20 ರೂಪಾಯಿ. 2019-20ರ 10 ರೂಪಾಯಿ ನಷ್ಟ ಈಗಿನ ಲೆಕ್ಕದಲ್ಲಿ 12.56 ನಷ್ಟ. ಹೀಗೆ ಹತ್ತನ್ನೂ ಮಾಡಿ ಕೂಡಿದರೆ 194, ಸರಾಸರಿ 19.40. 400ನ್ನು ಅದರಿಂದ ಭಾಗಿಸಿ: 20.6. ನಿಮ್ಮ ಒಂಬತ್ತು ಎಲ್ಲಿ, ಈ ಇಪ್ಪತ್ತು ಎಲ್ಲಿ! ಹಣದುಬ್ಬರ ಸೇರಿಸದೆ ಸುಮ್ನೆ ಸರಾಸರಿ ತೆಗೆದರೆ 16.80 ಬರುತ್ತದೆ, ಆಗ ಷೇರು ಇನ್ನೂ ದುಬಾರಿ ಅಂತ ಕಾಣುತ್ತದೆ. ಅದು ಕಂಪನಿಗೆ ಮಾಡುವ ಅನ್ಯಾಯ. ಹತ್ತು ವರ್ಷದ ಹಿಂದಿನ 14 ರೂಪಾಯಿಗೆ ಆಗಿನ ಬೆಲೆಯೇ ಬೇರೆ, ಆಗ ಕೊನೆ ಕೊಯ್ಯುವವರಿಗೆ ಎಷ್ಟು ಕೊಡುತ್ತಿದ್ದೆವು, ಈಗ ಎಷ್ಟು ಕೊಡುತ್ತೇವೆ ನೋಡಿ.

ನಷ್ಟದ ವರ್ಷ ಬಿಟ್ಟು ಸರಾಸರಿ ತೆಗೆಯುವವರನ್ನು ನೋಡಿದ್ದೇನೆ. ‘ಅದು ಕೊರೊನಾ, ಅದು ಪ್ರವಾಹ, ಅವೆಲ್ಲ ಅಪರೂಪ’ ಅನ್ನುತ್ತಾರೆ. ಮಾರಾಯ್ರೆ, ಅಪರೂಪಕ್ಕೆ ಬರುವುದನ್ನು ಹೊರುವುದೇ ಆ ಕಂಪನಿಯ ಕಸುಬು. ಕೊಳೆ ಬಂದ ವರ್ಷ ಬಿಟ್ಟು ತೋಟದ ಸರಾಸರಿ ಹೇಳಿದರೆ ಯಾರು ನಂಬುತ್ತಾರೆ?

ಬೋನಸ್ ಷೇರಿನದು ಇನ್ನೊಂದು ಗುಂಡಿ. ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ರೀ 2017ರಲ್ಲಿ 912 ರೂಪಾಯಿಗೆ ಐಪಿಒ (ಜನರಿಗೆ ಮೊದಲ ಷೇರು ಮಾರಾಟ) ಬಂತು, ಮರುವರ್ಷ ಒಂದಕ್ಕೊಂದು ಬೋನಸ್, ಅಂದರೆ ಇರುವ ಒಂದು ಷೇರಿಗೆ ಇನ್ನೊಂದು ಪುಕ್ಕಟೆ, ಕೊಟ್ಟಿತು. ಅಲ್ಲಿಗೆ ಆ 912 ಈಗಿನ ಲೆಕ್ಕದಲ್ಲಿ 456. ಅದಕ್ಕೂ ಹಿಂದಿನ ಇಪಿಎಸ್‌ಗಳನ್ನೂ ಹಾಗೇ ಅರ್ಧ ಮಾಡಿಕೊಳ್ಳಬೇಕು. ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಥೆಯೂ ಅದೇ, 800 ಇದ್ದದ್ದು 400. ಹಳೆಯ ರಿಪೋರ್ಟಿನಿಂದ ಅಂಕಿ ನೇರ ಎತ್ತಿಕೊಂಡರೆ ಲೆಕ್ಕ ಪೂರ್ತಿ ಹಾಳು.

ಈಗ ‘ಹಳೇ ಪುರಾಣ’ ಅಂದವರ ಮಾತಿಗೆ ಬರುತ್ತೇನೆ. ಅವರ ಮಾತಲ್ಲಿ ಅರ್ಧ ಸತ್ಯ ಇದೆ. ಕಂಪನಿ ಬೆಳೆದಿದ್ದರೆ ಏನು ಮಾಡುವುದು? ನನಗೆ ಆಗ ಎರಡು ಎಕರೆ ಇತ್ತು, ಗದ್ದೆ ಭಾಗಕ್ಕೂ ಸಸಿ ಇಟ್ಟು ಈಗ ನಾಲ್ಕು ಎಕರೆ ಫಸಲು ಬರುತ್ತಿದೆ. ಹತ್ತು ವರ್ಷದ ಒಟ್ಟು ಕ್ವಿಂಟಾಲಿನ ಸರಾಸರಿ ಹೇಳಿದರೆ ಈಗಿನ ತೋಟಕ್ಕೆ ಮೋಸ. ಆಗ ಏನು ಮಾಡುತ್ತೇವೆ? ಎಕರೆಗೆ ಎಷ್ಟು ಅಂತ ಹತ್ತು ವರ್ಷದ ಸರಾಸರಿ ತೆಗೆದು, ಈಗಿನ ಎಕರೆಗೆ ಗುಣಿಸುತ್ತೇವೆ. ಇಲ್ಲಿ ಎಕರೆ ಅಂದರೆ ಕಂಪನಿಯ ಸ್ವಂತ ಬಂಡವಾಳ, ನೆಟ್‌ವರ್ತ್. ಪ್ರತಿ ವರ್ಷದ ಲಾಭ ಆ ವರ್ಷದ ನೆಟ್‌ವರ್ತ್‌ನ ಶೇಕಡಾ ಎಷ್ಟು ಅಂತ ಬರೆದು ಸರಾಸರಿ ತೆಗೆಯಿರಿ. ಎರಡೂ ಅದೇ ವರ್ಷದ ರೂಪಾಯಿ ಆದ್ದರಿಂದ ಇಲ್ಲಿ ಹಣದುಬ್ಬರದ ಗುಣಾಕಾರ ಬೇಡ. ನೀವು ಹಾಕಿದ ಪಟ್ಟಿಯಲ್ಲಿ ಅದು ಸರಾಸರಿ ಶೇಕಡಾ 9 ಬರುತ್ತದೆ. ಈಗ ಒಂದು ಷೇರಿಗೆ ನೆಟ್‌ವರ್ತ್ 260. ಅದರ ಶೇಕಡಾ 9 ಅಂದರೆ 23.40. 400 ಭಾಗಿಸು 23.40, ಹದಿನೇಳು.

ಅಲ್ಲಿಗೆ ಒಂದು ದಾರಿಯಲ್ಲಿ ಇಪ್ಪತ್ತು, ಇನ್ನೊಂದರಲ್ಲಿ ಹದಿನೇಳು. ನಾನು ಈ ಎರಡರ ನಡುವೆ ಎಲ್ಲೋ ಇಟ್ಟುಕೊಳ್ಳುತ್ತೇನೆ. ಬೆಳೆದದ್ದು ಹೇಗೆ ಅನ್ನುವುದನ್ನೂ ನೋಡಬೇಕು. ಪ್ರೀಮಿಯಂ ದರ ಇಳಿಸಿದರೆ ವಿಮಾ ಕಂಪನಿ ಬೆಳೆಯುವುದು ಬಹಳ ಸುಲಭ, ಕ್ಲೇಮು ಬರುವುದು ಆಮೇಲೆ ತಾನೆ. ಲಾಭವೆಲ್ಲ ಡಿವಿಡೆಂಡ್ ಆಗಿ ಬರುತ್ತದೆ ಅಂತಲೂ ತಿಳಿಯಬೇಡಿ. ನಿಯಂತ್ರಕರ ಪ್ರಕಾರ ಸಾಲ್ವೆನ್ಸಿ, ಅಂದರೆ ಕ್ಲೇಮು ತೀರಿಸಲು ಇರುವ ಬಂಡವಾಳದ ಅನುಪಾತ, ಕನಿಷ್ಠ 1.5 ಇರಲೇಬೇಕು. ವ್ಯಾಪಾರ ಹೆಚ್ಚಿದಷ್ಟೂ ಬಂಡವಾಳ ಒಳಗೇ ಇಡಬೇಕಾಗುತ್ತದೆ.

ಸೊರಬದ ಕಡೆಯ ತಮ್ಮ ಒಬ್ಬರು ‘ಎಲ್ಐಸಿಗೂ ಇದೇ ಲೆಕ್ಕ ಹಾಕಬಹುದಾ’ ಅಂತ ಕೇಳಿದ್ದಾರೆ. ಬೇಡ ತಮ್ಮಾ. ಜೀವ ವಿಮೆಯಲ್ಲಿ ಪಾಲಿಸಿ ಮಾರಿದ ಮೊದಲ ವರ್ಷ ಏಜೆಂಟರ ಕಮಿಷನ್ನು, ಖರ್ಚು ಎಲ್ಲ ಒಟ್ಟಿಗೆ. ಲಾಭ ಮುಂದಿನ ಹದಿನೈದು ಇಪ್ಪತ್ತು ವರ್ಷದಲ್ಲಿ ಹನಿಹನಿಯಾಗಿ ಬರುತ್ತದೆ. ಚೆನ್ನಾಗಿ ಬೆಳೆಯುವ ಕಂಪನಿಯೇ ಲಾಭ ಕಡಿಮೆ ತೋರಿಸಬಹುದು, ಅಡಿಕೆ ಸಸಿ ಇಟ್ಟ ಮೊದಲ ಐದು ವರ್ಷದ ಹಾಗೆ. ಎಲ್ಐಸಿಯಲ್ಲಂತೂ ಹಳೆಯ ಲಾಭವನ್ನು ಹೊಸದರ ಜೊತೆ ಕೂಡಿಸುವ ಹಾಗೇ ಇಲ್ಲ. ಮೊದಲು ಮಿಗತೆಯಲ್ಲಿ ಶೇಕಡಾ 95 ಪಾಲಿಸಿದಾರರಿಗೆ, 5 ಮಾತ್ರ ಸರ್ಕಾರಕ್ಕೆ ಹೋಗುತ್ತಿತ್ತು. 2021ರಲ್ಲಿ ಕಾನೂನು ತಿದ್ದುಪಡಿ ಆಗಿ ನಿಧಿಯನ್ನು ಎರಡಾಗಿ ಒಡೆದರು, ಷೇರುದಾರರ ಪಾಲು ಹೆಚ್ಚಿತು. ಎಂಬೆಡೆಡ್ ವ್ಯಾಲ್ಯೂ ಅಂತ ಒಂದು ಅಳತೆ ಇದೆ, ಕಂಪನಿಯ ಈಗಿನ ಆಸ್ತಿ ಮತ್ತು ಇರುವ ಪಾಲಿಸಿಗಳಿಂದ ಮುಂದೆ ಬರುವ ಲಾಭದ ಇಂದಿನ ಬೆಲೆ. 2021ರ ಮಾರ್ಚ್‌ನಲ್ಲಿ ಎಲ್ಐಸಿಯ ಈ ಅಳತೆ ಸುಮಾರು 95,600 ಕೋಟಿ ಇತ್ತು, ಸೆಪ್ಟೆಂಬರ್ ಕೊನೆಗೆ ಸುಮಾರು 5.4 ಲಕ್ಷ ಕೋಟಿ! ಆರು ತಿಂಗಳಲ್ಲಿ ವ್ಯಾಪಾರ ಐದು ಪಟ್ಟು ಬೆಳೆದದ್ದಲ್ಲ, ಪಾಲು ಹಂಚುವ ನಿಯಮ ಬದಲಾದದ್ದು. ಅಣ್ಣತಮ್ಮಂದಿರ ಹಿಸೆ ಆದ ಮೇಲೆ ಹಳೆಯ ಜಂಟಿ ತೋಟದ ಲೆಕ್ಕ ಹಿಡಿದು ಕೂತರೆ ಏನು ಸಿಗುತ್ತದೆ? 2022ರ ಮೇ ತಿಂಗಳಲ್ಲಿ 949ಕ್ಕೆ ಐಪಿಒ ಬಂದಾಗ ಬೆಲೆ ಎಂಬೆಡೆಡ್ ವ್ಯಾಲ್ಯೂವಿನ ಸುಮಾರು 1.1 ಪಟ್ಟು ಇತ್ತು. ಜೀವ ವಿಮೆಗೆ ಆ ಪಟ್ಟು ನೋಡುವುದೇ ಸರಿ.

ಗೌಡ್ರೇ, ನಿಮ್ಮ ಷೇರಿಗೆ ವಾಪಸ್ ಬಂದರೆ, 400ಕ್ಕೆ 19.40 ಅಂದರೆ ಶೇಕಡಾ 4.85. ಇದು ಹೆಚ್ಚುಕಡಿಮೆ ಹಣದುಬ್ಬರ ಕಳೆದು ಉಳಿಯುವ ಗಳಿಕೆ. ಕೆಟ್ಟದ್ದು ಅನ್ನಲಾರೆ, ಆದರೆ ನೀವಂದುಕೊಂಡ ಶೇಕಡಾ 11 ಅಲ್ಲ. ನಾನಾದರೆ 300ರ ಹತ್ತಿರ ಬರುವವರೆಗೆ ಕಾಯುತ್ತೇನೆ. ಬರದಿದ್ದರೆ ಬೇಡ. ನಾನು ಸೆಬಿ ನೋಂದಣಿ ಇರುವ ಸಲಹೆಗಾರ ಅಲ್ಲ, ಕೈ ಸುಟ್ಟುಕೊಂಡ ತೋಟದವನು, ಅಷ್ಟೇ. ಸೊಸೈಟಿ ಸಾಲ ತೀರಿಸುವ ದುಡ್ಡನ್ನಂತೂ ಇದಕ್ಕೆ ಹಾಕಬೇಡಿ.

2022-23ರಿಂದ ಈಚೆಗೆ ಹೂಡಿಕೆ ಮಾರಿ ಬಂದ ಲಾಭ ಎಷ್ಟು, ಕಂಬೈನ್ಡ್ ರೇಶಿಯೋ ಎಷ್ಟು, ಈ ಎರಡು ಸಾಲು ರಿಪೋರ್ಟಿನಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಸಂಜೆ ನೋಡುತ್ತೇನೆ. ಈಗ ಮಳೆ ಸ್ವಲ್ಪ ಬಿಟ್ಟಿದೆ, ದೋಟಿಯವರು ಬಂದು ಅಂಗಳದಲ್ಲಿ ಕೂತಿದ್ದಾರೆ, ಮೈಲುತುತ್ತ ಕಲಸಬೇಕು.